ಮೂರು ದಿನ ಯಾರೂ ಮಾತಾಡಬಾರದು

"ಹತ್ತೊಂಬತ್ತು ಮಕ್ಕಳನ್ನ ಕದ್ದಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಅವಳು ಬಾಗಿಲು ತಟ್ಟಲಿಲ್ಲ. ಒಳಗೆ ಬರಬಹುದೇ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನು ಮೇಜಿಗೆ ಅಪ್ಪಳಿಸಿದ ರಭಸಕ್ಕೆ ಅಲ್ಲಿ ಸಾಲಾಗಿ ಜೋಡಿಸಿದ್ದ ಕಲ್ಲುಗಳಲ್ಲಿ ಎರಡು ಉರುಳಿ ನೆಲಕ್ಕೆ ಬಿದ್ದವು.

ಕಿಟಕಿಯ ಬಳಿ ನಿಂತು, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಒಂದು ಕಲ್ಲನ್ನು ತೊಳೆಯುತ್ತಿದ್ದವನು ತಿರುಗಿ ನೋಡಿದ. ಮುಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಾವು...?"

"ಸಲಹಾ ಕೊಠಡಿಯವಳು. ಮೊದಲ ವರ್ಷದ ಮಕ್ಕಳು ಮುಖ್ಯ ವಿಷಯ ಆರಿಸಿಕೊಳ್ಳೋಕೆ ಸಹಾಯ ಮಾಡೋದು ನನ್ನ ಕೆಲಸ. ಆರಿಸಿಕೊಂಡಿದ್ದನ್ನ ಕದಿಯೋದು ನಿಮ್ಮ ಕೆಲಸ ಅಂತ ಇವತ್ತು ಗೊತ್ತಾಯ್ತು!"

ಅವನು ಬ್ರಷ್ಷನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಪಟ್ಟಿಯನ್ನು ಎತ್ತಿಕೊಂಡ. ಭೂವಿಜ್ಞಾನ ವಿಭಾಗ, ಇಪ್ಪತ್ತೈದು ಹೆಸರು. ಅವುಗಳಲ್ಲಿ ಹತ್ತೊಂಬತ್ತಕ್ಕೆ ಅವಳು ಕೆಂಪು ಗೆರೆ ಎಳೆದಿದ್ದಳು.

"ಇವರಲ್ಲಿ ಒಬ್ಬರೂ ಭೂವಿಜ್ಞಾನ ಕೇಳಿಲ್ಲ. ಕೇಳಿದವರು ಆರೇ ಜನ. ಹನ್ನೆರಡು ಜನ ಇಲ್ಲದಿದ್ರೆ ವಿಭಾಗ ಮುಚ್ಚುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಪಟ್ಟಿ ಬರೋ ಹಿಂದಿನ ದಿನ ನೀವು ಕುಲಸಚಿವರ ಕೋಣೆಯಿಂದ ಹೊರಗೆ ಬಂದಿದ್ದನ್ನೂ ಜನ ನೋಡಿದ್ದಾರೆ. ಇನ್ನೇನು ಬೇಕು?"

"ಹೋಗಿದ್ದು ನಿಜ. ವಿಭಾಗಕ್ಕೆ ಇನ್ನೊಂದು ವರ್ಷ ಸಮಯ ಕೊಡಿ ಅಂತ ಕೇಳೋಕೆ ಹೋಗಿದ್ದೆ."

"ಸಮಯದ ಬದಲು ಮಕ್ಕಳನ್ನೇ ಕೊಟ್ರಾ?"

ಅವನಿಗೆ ಕೋಪ ಬರಲಿಲ್ಲ. ಅದೇ ಅವಳ ಮೈಯೆಲ್ಲ ಉರಿಸಿತು! ಬೈದರೆ ತಿರುಗಿ ಬೈಯುವ ಗಂಡಸರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇವನು ಮಾತ್ರ ಪಟ್ಟಿಯನ್ನೇ ನೋಡುತ್ತ, ಗಣಿತದ ಮೇಷ್ಟ್ರು ತಪ್ಪು ಲೆಕ್ಕ ನೋಡುವಂತೆ ಹುಬ್ಬು ಗಂಟಿಕ್ಕಿ ಕೇಳಿದ.

"ಮೇಡಂ, ಆ ಅರ್ಜಿಗಳನ್ನ ಕಳಿಸೋ ಮೊದಲು ನೀವೇ ಕಣ್ಣಾರೆ ನೋಡಿದ್ರಾ?"

"ನನ್ನನ್ನೇ ವಿಚಾರಣೆ ಮಾಡ್ತೀರಾ? ಒಂದೊಂದನ್ನೂ ನೋಡಿದ್ದೀನಿ! ಏಳು ದಿನ ಇದೆ ತಕರಾರಿಗೆ. ಏಳು ದಿನದಲ್ಲಿ ನಿಮ್ಮ ಬಣ್ಣ ಬಯಲು ಮಾಡದಿದ್ರೆ ನೋಡಿ!"

ದಡದಡ ಮೆಟ್ಟಿಲಿಳಿದು, ಅಂಗಳ ದಾಟಿ, ತನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದಾಗಲೇ ಅವಳಿಗೆ ಗೊತ್ತಾದದ್ದು... ಬಲಗೈ ಮುಷ್ಟಿಯಲ್ಲಿ ಒಂದು ಕಲ್ಲಿತ್ತು! ಬೂದುಬಣ್ಣದ, ನಡುವೆ ಒಂದೇ ಒಂದು ಬಿಳಿ ಗೆರೆ ಹಾದುಹೋದ ಕಲ್ಲು. ಕೋಪದಲ್ಲಿ ಯಾವಾಗ ಎತ್ತಿಕೊಂಡಳೋ!

'ಕಳ್ಳ ಅಂತ ಬೈದು ಬಂದವಳು ನಾನು... ಕದ್ದು ಬಂದವಳೂ ನಾನೇ!'

---

ಅವಳ ಕೋಪಕ್ಕೆ ಬೇರು ಆಳದಲ್ಲಿತ್ತು.

ಹದಿನೆಂಟನೇ ವಯಸ್ಸಿನಲ್ಲಿ ಅವಳೂ ಇದೇ ಅರ್ಜಿಯ ಮುಂದೆ ಕುಳಿತಿದ್ದಳು. ಯೋಚಿಸುತ್ತಿದ್ದಳು ಅಷ್ಟೆ. ಅಷ್ಟರಲ್ಲಿ ಚಿಕ್ಕಪ್ಪ ಜೇಬಿನಿಂದ ಪೆನ್ನು ತೆಗೆದು, "ಹೆಣ್ಣುಮಗುಗೆ ಇಷ್ಟು ಸಾಕು" ಎಂದು ಒಂದೇ ಏಟಿಗೆ ಬರೆದುಬಿಟ್ಟಿದ್ದ. ನೀಲಿ ಶಾಯಿ. ಅಳಿಸಲು ಹೋದರೆ ಕಾಗದ ಹರಿಯಿತು, ಅಕ್ಷರ ಹೋಗಲಿಲ್ಲ. ಬೇಡದ ವಿಷಯವನ್ನು ಮೂರು ವರ್ಷ ಓದಿದಳು.

ಅದಕ್ಕೇ ಅವಳ ಕೋಣೆಗೆ ಅವಳದೇ ಕಾನೂನಿತ್ತು. ಮಕ್ಕಳು ಮೊದಲು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಅರ್ಜಿ ಮೂರು ದಿನ ಅವಳ ಬೀರುವಿನಲ್ಲಿ ಮಲಗಬೇಕು. ಆ ಮೂರು ದಿನ ಅಪ್ಪ, ಅಣ್ಣ, ಮೇಷ್ಟ್ರು, ಗೆಳತಿ, ಯಾರೂ ಆ ವಿಷಯವಾಗಿ ಮಗುವಿನ ಹತ್ತಿರ ಮಾತಾಡಬಾರದು. ಸ್ವತಃ ಅವಳೂ! ನಾಲ್ಕನೇ ದಿನ ಬಂದು, ಮನಸ್ಸು ಅಲ್ಲೇ ಇದ್ದರೆ ಪೆನ್ನಿನಲ್ಲಿ ತಿದ್ದಬೇಕು. ಬೇರೆಡೆ ಹೋಗಿದ್ದರೆ ರಬ್ಬರು ಅಲ್ಲೇ ಮೇಜಿನ ಮೇಲಿತ್ತು.

ಉಳ್ಳವರ ಮಕ್ಕಳು ತಪ್ಪು ವಿಷಯ ಆರಿಸಿಕೊಂಡರೆ ಇನ್ನೊಂದು ಕಾಲೇಜು ಸಿಗುತ್ತದೆ, ಇನ್ನೊಂದು ವರ್ಷ ಸಿಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದವರ ಮಕ್ಕಳಿಗೆ ಸಿಗುವುದು ಒಂದೇ ಅರ್ಜಿ. ಆ ಒಂದರ ಮೇಲೂ ಬೇರೆಯವರ ಪೆನ್ನು ಓಡಾಡಿದರೆ?

"ಅಕ್ಕಾ..."

ಬಾಗಿಲಲ್ಲಿ ನಿಂತಿದ್ದವಳು ದರ್ಜಿಯ ಮಗಳು. ತರಗತಿಯಲ್ಲಿ ಪ್ರಶ್ನೆ ಕೇಳಿ ಕೇಳಿ ಎಲ್ಲರ ಬಾಯಲ್ಲಿ 'ಪ್ರಶ್ನೆಪತ್ರಿಕೆ' ಆದವಳು. ಗಣಿತ ಬೇಕೆಂದು ಮನೆಯವರೊಡನೆ ವರ್ಷವಿಡೀ ಗುದ್ದಾಡಿದ್ದಳು. ಕೊನೆಗೆ ಅವಳಪ್ಪ ಹೊಲಿಗೆಯಂತ್ರ ನಿಲ್ಲಿಸಿ, "ನನಗೆ ಅಳತೆ ಬಿಟ್ಟು ಬೇರೆ ಲೆಕ್ಕ ಬರಲ್ಲ. ಮಿಕ್ಕಿದ್ದೆಲ್ಲ ನೀನೇ ಕಲಿ, ಮಗಳೇ" ಅಂದಿದ್ದನಂತೆ.

"ಅಕ್ಕಾ, ನಾನು ಗಣಿತ ಅಂತಲೇ ಬರೆದಿದ್ದೆ ಅಲ್ವಾ? ನನಗೇ ಈಗ ಅನುಮಾನ ಬರ್ತಿದೆ. ನಾನೇನಾದ್ರೂ ತಪ್ಪು ಬರೆದ್ನಾ? ಅಪ್ಪಂಗೆ ಏನು ಹೇಳ್ಲಿ? ಕಲ್ಲು ಓದಿದ್ರೆ ಏನಾಗ್ತಾರೆ?"

ನಾಲ್ಕು ಪ್ರಶ್ನೆ! ಆ ಹುಡುಗಿ ತನ್ನ ನೆನಪನ್ನೇ ನಂಬದಂತಾಗಿದ್ದಳು.

"ನೀನು ಸರಿಯಾಗೇ ಬರೆದೆ ಪುಟ್ಟಾ. ತಪ್ಪು ಮಾಡಿದೋರು ಬೇರೆ ಇದ್ದಾರೆ."

ಅಲ್ಲಿಂದ ನೇರ ಕುಲಸಚಿವರ ಕೋಣೆಗೆ ಹೋದಳು. ಅವರು ಚಹಾ ಹೀರುತ್ತಲೇ ಅವಳ ದೂರು ಕೇಳಿದರು.

"ನಲವತ್ತೊಂದು ಅರ್ಜಿ ಖಾಲಿ ಬಂದಿದ್ವು ಅಂತ ಯಂತ್ರ ಹೇಳ್ತಿದೆಯಮ್ಮ. ಖಾಲಿ ಅರ್ಜಿ ಬಂದ್ರೆ ಖಾಲಿ ಸೀಟಿಗೆ ಹಾಕೋದು ನಿಯಮ. ಹತ್ತೊಂಬತ್ತು ಕಲ್ಲಿಗೆ ಹೋಯ್ತು, ಇಪ್ಪತ್ತೆರಡು ಬೇರೆ ಬೇರೆ ಕಡೆ. ಸೀಟು ತುಂಬಿದ್ವಲ್ಲ, ಖುಷಿಪಡಿ."

"ಖಾಲಿ ಹೇಗಿರುತ್ತೆ ಸಾರ್? ನಾನು ನೋಡಿದ್ದೀನಿ!"

"ಹಾಗಾದ್ರೆ ವಿಭಾಗದ ಮುಖ್ಯಸ್ಥರಿಂದ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸ್ಕೊಂಡು ಬನ್ನಿ. ಕಲ್ಲು ವಿಭಾಗಕ್ಕೆ ಈಗ ಆ ಮೇಷ್ಟ್ರು ಒಬ್ಬರೇ ಗತಿ. ಸಹಿ ಹಾಕಿದ್ರೆ ವಿಭಾಗವೂ ಇಲ್ಲ, ಅವರ ಕೆಲಸವೂ ಇಲ್ಲ. ಹಾಕ್ತಾರಾ? ಕೇಳಿ ನೋಡಿ!" ಕುಲಸಚಿವರು ನಕ್ಕರು.

ಆ ನಗು ಅವಳ ನೆತ್ತಿಗೇರಿತು. ಅಂದೇ ಕುಲಪತಿಗಳಿಗೆ ದೂರು ಬರೆದಳು, ಕಲ್ಲು ಮೇಷ್ಟ್ರ ಮೇಲೆ ನೇರ ಆರೋಪ ಹೊರಿಸಿ. ಸುದ್ದಿ ಮಕ್ಕಳ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಅವನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಅಕ್ಷರ: 'ಕಳ್ಳ'.

ಅವನು ಅದನ್ನು ಒರೆಸಲಿಲ್ಲವಂತೆ. ಬಾಗಿಲು ತೆರೆದು, ಬಂದಷ್ಟು ಮಕ್ಕಳಿಗೆ ಎಂದಿನಂತೆ ಪಾಠ ಮಾಡಿದನಂತೆ.

ಆ ಸಂಜೆ ಅಮ್ಮ ಅವಳ ಚೀಲದಿಂದ ಕಲ್ಲನ್ನು ಹೊರತೆಗೆದು ನೋಡಿದರು.

"ಏನೇ ಇದು? ಯಾರ ತಲೆ ಒಡೆಯೋಕೆ ಇಟ್ಕೊಂಡಿದ್ದೀಯಾ?"

"ಒಬ್ಬ ಮೇಷ್ಟ್ರದ್ದು!"

"ಓ... ಮದುವೆ ಆಗಿದೆಯಾ ಅವರಿಗೆ?"

"ಅಮ್ಮಾ! ತಲೆ ಒಡೆಯೋಕೆ ಅಂದೆ!"

"ಕೇಳಿದ್ದು ತಪ್ಪಾ? ಎರಡು ದಿನದಿಂದ ಈ ಮನೇಲಿ ಆ ಮೇಷ್ಟ್ರದ್ದು ಬಿಟ್ಟು ಬೇರೆ ಮಾತಿಲ್ಲ."

---

ನಾಲ್ಕನೇ ದಿನ ಮಧ್ಯಾಹ್ನ ಅವನೇ ಬಂದ. ಬಾಗಿಲು ತಟ್ಟಿದ. ಒಳಗೆ ಬರಬಹುದೇ ಎಂದು ಕೇಳಿದ. ಆ ಸಭ್ಯತೆಯೂ ಅವಳಿಗೆ ಚುಚ್ಚಿತು.

"ಏನು, ರಾಜಿಗೆ ಬಂದ್ರಾ?"

ಉತ್ತರವಾಗಿ ಅವನು ಕಾಗದದ ಕಟ್ಟೊಂದನ್ನು ಮೇಜಿನ ಮೇಲಿಟ್ಟ. ಬಿಡುಗಡೆ ಪತ್ರಗಳು. ಹತ್ತೊಂಬತ್ತಕ್ಕೂ ಸಹಿಯಾಗಿತ್ತು.

ಅವಳು ಒಂದೊಂದೇ ಹಾಳೆ ತಿರುವಿ ಸಹಿ ನೋಡಿದಳು. 'ಇವನ ಕೆಲಸ... ಇವನ ವಿಭಾಗ...'

"ಯಾಕೆ?" ಎಂದಳು, ಧ್ವನಿ ಇಳಿದಿತ್ತು.

"ಕೇಳದೇ ಇದ್ದ ಮಗುಗೆ ಪಾಠ ಹೇಳೋಕೆ ನನಗೆ ಬರಲ್ಲ, ಮೇಡಂ. ಕಲ್ಲಿಗೂ ಅವಮಾನ, ಮಗುಗೂ ಅವಮಾನ." ಅವನು ತಿರುಗಿ ಹೊರಟ. ಹೊರಡುವಾಗ ಅವಳ ಮೇಜಿನ ಮೇಲಿದ್ದ ಬೂದುಗಲ್ಲನ್ನು ಕಂಡ. ತುಟಿಯಂಚಿನಲ್ಲಿ ನಗು ಸುಳಿಯಿತು.

ಅದೇ ಕ್ಷಣ ಪತ್ರಗಳ ಕಟ್ಟಿನಿಂದ ಇನ್ನೊಂದು ಹಾಳೆ ಜಾರಿ ಬಿತ್ತು. ಆ ದರ್ಜಿಯ ಮಗಳು 'ಪ್ರಶ್ನೆಪತ್ರಿಕೆ'ಯ ಅರ್ಜಿಯ ಸ್ಕ್ಯಾನ್ ಪ್ರತಿ. ಹೆಸರು, ಸಹಿ ಎಲ್ಲ ಕಪ್ಪಗೆ ಮೂಡಿತ್ತು. ಆಯ್ಕೆಯ ಮೂರು ಸಾಲುಗಳು ಮಾತ್ರ ಬೋಳು. ಪೂರ್ತಿ ಬೋಳು.

ಹೆಸರು ಪೆನ್ನಿನಲ್ಲಿ. ಆಯ್ಕೆ...

ಪೆನ್ಸಿಲ್ಲಿನಲ್ಲಿ!

ಈ ಸಲ ಕೊನೆಯ ದಿನಾಂಕವನ್ನು ಎರಡು ದಿನ ಮೊದಲೇ ಇಟ್ಟುಬಿಟ್ಟಿದ್ದರು. ಸುತ್ತೋಲೆ ಬಂದಾಗ ನಲವತ್ತೊಂದು ಅರ್ಜಿಗಳು ಇನ್ನೂ ಬೀರುವಿನಲ್ಲಿ ತಮ್ಮ ಮೂರು ದಿನದ ಮೌನದಲ್ಲಿದ್ದವು. ಮಕ್ಕಳನ್ನು ಕರೆದು ಪೆನ್ನಿನಲ್ಲಿ ತಿದ್ದಿಸಬಹುದಿತ್ತು. ಆದರೆ ಮೌನ ಮುರಿಯಲು ಅವಳಿಗೆ ಮನಸ್ಸಾಗಲಿಲ್ಲ. 'ಅಕ್ಷರ ಸ್ಪಷ್ಟವಾಗಿದೆಯಲ್ಲ, ಓದ್ತಾರೆ' ಎಂದುಕೊಂಡು ಪೆನ್ಸಿಲ್ಲಿನಲ್ಲಿದ್ದ ಹಾಗೆಯೇ ಕಳಿಸಿದ್ದಳು. ಪ್ರತಿ ವರ್ಷ ದಪ್ಪ ಕನ್ನಡಕದ ಗುಮಾಸ್ತೆಯೊಬ್ಬರು ಒಂದೊಂದನ್ನೂ ಓದಿ ದಾಖಲಿಸುತ್ತಿದ್ದರು. ಈ ವರ್ಷ ಅವರ ಜಾಗಕ್ಕೆ ಯಂತ್ರ ಬಂದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಯಂತ್ರ ಶಾಯಿಯನ್ನು ಮಾತ್ರ ಓದುತ್ತದೆ!

"ನಿಲ್ಲಿ!" ಅವಳು ಕಿರುಚಿದಳು. "ನಿಮಗೆ ಇದು ಯಾವಾಗ ಗೊತ್ತಾಯ್ತು?"

ಅವನು ಬಾಗಿಲಲ್ಲೇ ನಿಂತ. ಆ ಹಾಳೆ ಅವಳ ಕೈ ಸೇರಬಾರದಿತ್ತು ಎಂಬುದು ಅವನ ಮುಖದಲ್ಲೇ ಬರೆದಿತ್ತು.

"ನಿನ್ನೆ. ಕಚೇರಿಗೆ ಹೋಗಿ ಮೂಲ ಅರ್ಜಿ ತೆಗೆಸಿದೆ. ಕಿಟಕಿ ಬೆಳಕಿಗೆ ಹಿಡಿದ್ರೆ ಎಲ್ಲ ಅಕ್ಷರ ಕಾಣುತ್ತೆ."

"ಬಾಗಿಲ ಮೇಲೆ ಕಳ್ಳ ಅಂತ ಬರೆಸಿಕೊಂಡು... ಗೊತ್ತಿದ್ದೂ ಸುಮ್ಮನಿದ್ರಾ?"

"ಬರೆದಿರೋದು ಸೀಮೆಸುಣ್ಣ. ಹೋಗುತ್ತೆ. ತಪ್ಪು ನಿಮ್ಮದು ಅಂತ ಗೊತ್ತಾದ್ರೆ ಕುಲಸಚಿವರು ಮೊದಲು ಮುಚ್ಚೋದು ಈ ಕೋಣೆನ. ನನ್ನ ವಿಭಾಗ ಹೇಗಿದ್ರೂ ಹೋಗ್ತಿತ್ತು. ಎರಡೂ ಯಾಕೆ ಹೋಗ್ಬೇಕು?"

ಅವಳ ಕಣ್ಣು ತುಂಬಿತು. ಆದರೆ ಅದು ಕೃತಜ್ಞತೆಯಲ್ಲ, ಅಪ್ಪಟ ಸಿಟ್ಟು!

"ನನ್ನ ತಪ್ಪು ಹೊತ್ಕೊಳ್ಳಿ ಅಂತ ನಿಮ್ಮನ್ನ ಕರೆದೋರು ಯಾರು? ನನ್ನ ಪರವಾಗಿ ನೀವು ತೀರ್ಮಾನ ಮಾಡ್ತೀರಾ? ನನ್ನ ಅರ್ಜೀನ ಚಿಕ್ಕಪ್ಪ ತಾನೇ ತುಂಬಿದ್ದೂ ಹೀಗೇ, ಒಳ್ಳೇದಕ್ಕೇ ಅಂತ! ನಿಮಗೂ ಅವರಿಗೂ ಏನು ವ್ಯತ್ಯಾಸ?"

ಆ ಮಾತು ನಾಟಿತು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವನ ಮುಖ ಕೆಂಪಾಯಿತು.

"ನಿಜ... ಕೇಳಬೇಕಿತ್ತು. ತಪ್ಪಾಯ್ತು."

"ಹತ್ತೊಂಬತ್ತು ಜನಕ್ಕೆ ನೀವು ಸಹಿ ಹಾಕಿದ್ರಿ. ಇನ್ನೂ ಇಪ್ಪತ್ತೆರಡು ಜನ? ಆ ಬೇರೆ ವಿಭಾಗಗಳ ಮುಖ್ಯಸ್ಥರು ಸಹಿ ಹಾಕ್ತಾರಾ? ನನ್ನ ಮಾನ ಉಳಿಸೋಕೆ ಹೋಗಿ ಆ ಮಕ್ಕಳನ್ನ ಮುಳುಗಿಸ್ತಿದ್ರಿ!"

ಅವಳು ಕಣ್ಣೊರೆಸಿಕೊಂಡಳು. ಬೀರುವಿನಿಂದ ಪೆನ್ನಿನ ಡಬ್ಬಿ ತೆಗೆದಳು.

"ನಾಳೆ ಹತ್ತು ಗಂಟೆಗೆ ಕುಲಸಚಿವರ ಕೋಣೆ ಮುಂದೆ ಬನ್ನಿ. ಬರ್ತೀರಾ? ಕೇಳ್ತಿದ್ದೀನಿ ನೋಡಿ, ತೀರ್ಮಾನ ಮಾಡ್ತಿಲ್ಲ."

"ಬರ್ತೀನಿ," ಎಂದ ಕಲ್ಲು ಮೇಷ್ಟ್ರು.

---

ನಲವತ್ತೊಂದು ಮಕ್ಕಳು ಆ ಉದ್ದನೆಯ ಓಣಿಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಘೋಷಣೆಯಿಲ್ಲ, ಫಲಕವಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಪೆನ್ನು.

"ಏನಮ್ಮ ಇದು ಜಾತ್ರೆ?" ಕುಲಸಚಿವರು ಸಿಡುಕಿದರು.

"ತಪ್ಪು ಒಪ್ಪಿಕೊಳ್ಳೋಕೆ ಬಂದಿದ್ದೀನಿ ಸಾರ್. ಪೆನ್ಸಿಲ್ಲಿನಲ್ಲಿದ್ದ ಅರ್ಜಿಗಳನ್ನ ಕಳಿಸಿದವಳು ನಾನು. ಕಲ್ಲು ಮೇಷ್ಟ್ರ ಮೇಲೆ ಹೊರಿಸಿದ ಆರೋಪ ಸುಳ್ಳು. ಎರಡನ್ನೂ ಬರೆದು ತಂದಿದ್ದೀನಿ. ಕುಲಪತಿಗಳಿಗೂ ಕೊಟ್ಟಿದ್ದೀನಿ." ಓಣಿಯ ಮಕ್ಕಳಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಹಾಗಾದ್ರೆ ಮುಗೀತು! ನಿಮ್ಮ ಕೋಣೆಯ ಬೀಗದ ಕೈ..."

"ಮುಗೀಲಿಲ್ಲ! ನನ್ನ ತಪ್ಪಿಗೆ ನನಗೆ ಶಿಕ್ಷೆ ಕೊಡಿ. ಆದರೆ ನಲವತ್ತೊಂದು ಅರ್ಜಿ ಖಾಲಿ ಬಂದಾಗ, ಒಂದು ಮಗುವನ್ನಾದ್ರೂ ಕರೆದು 'ಯಾಕಮ್ಮ ಬರೆದಿಲ್ಲ' ಅಂತ ಕೇಳಿದ್ರಾ? ಇಲ್ಲ. ಸೀಟು ತುಂಬಿತು, ಖುಷಿಯಾಯ್ತು. ಗೋದಾಮಿನಲ್ಲಿ ಮೂಟೆ ಜೋಡಿಸೋ ಹಾಗೆ ಜೋಡಿಸಿಬಿಟ್ರಿ! ಮೂಟೆಗೆ ಬಾಯಿಲ್ಲ ಸಾರ್, ಇವರಿಗಿದೆ!"

"ಯಂತ್ರಕ್ಕೆ ಕಾಣದೇ ಇದ್ದಿದ್ದಕ್ಕೆ ನಾನೇನು ಮಾಡಲಿ?"

ಆಗ ಕಲ್ಲು ಮೇಷ್ಟ್ರು ಮುಂದೆ ಬಂದು ಒಂದು ಮೂಲ ಅರ್ಜಿಯನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲೇ ಹತ್ತೊಂಬತ್ತು ಬಿಡುಗಡೆ ಪತ್ರಗಳು.

"ಯಂತ್ರಕ್ಕೆ ಕಾಣದ್ದು ನಿಮಗೂ ಕಾಣಲ್ವಾ ಸಾರ್? ಕನ್ನಡಕ ಹಾಕ್ಕೊಂಡು ಒಂದೇ ಒಂದನ್ನ ಓದಿ. ಗಟ್ಟಿಯಾಗಿ."

ಕುಲಸಚಿವರು ಓಣಿಯತ್ತ ನೋಡಿದರು. ನಲವತ್ತೊಂದು ಜೊತೆ ಕಣ್ಣು. ಕನ್ನಡಕ ಹಾಕಿಕೊಂಡರು.

"...ಮೊದಲ ಆಯ್ಕೆ, ಗಣಿತ. ಎರಡನೇ ಆಯ್ಕೆ..." ಅವರು ತಡೆದರು.

"ಓದಿ ಸಾರ್," ಎಂದಳು ಪ್ರಶ್ನೆಪತ್ರಿಕೆ ಓಣಿಯಿಂದ.

"ಎರಡನೇ ಆಯ್ಕೆ, ಗಣಿತ. ಮೂರನೇ ಆಯ್ಕೆ, ಗಣಿತ."

ಯಾರೋ ಕಿಸಕ್ಕೆಂದರು. ಮರುಕ್ಷಣ ಇಡೀ ಓಣಿ ನಕ್ಕಿತು. ಕುಲಸಚಿವರು ಅರ್ಜಿ ಕೆಳಗಿಟ್ಟರು. ಓದಿಯಾದ ಮೇಲೆ ಅದನ್ನು ಖಾಲಿ ಎನ್ನುವ ದಾರಿ ಅವರಿಗಿರಲಿಲ್ಲ.

"ಕೂತು ಪೆನ್ನಲ್ಲಿ ತಿದ್ದಿ. ನನ್ನ ಕಣ್ಣೆದುರಿಗೇ!" ಎಂದು ಗದರಿದರು, ಗೆದ್ದವರು ತಾವೇ ಎಂಬಂತೆ.

ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದೂ ದಾಖಲಾದವು. ಸಲಹಾ ಕೊಠಡಿ ಉಳಿಯಿತು, ಅವಳ ಸೇವಾಪುಸ್ತಕಕ್ಕೆ ಒಂದು ಎಚ್ಚರಿಕೆ ಪತ್ರ ಸೇರಿತು. ಹತ್ತೊಂಬತ್ತರಲ್ಲಿ ಐವರು, ನಾಲ್ಕು ದಿನ ಕಲ್ಲು ಮೇಷ್ಟ್ರ ಪಾಠ ಕೇಳಿದ್ದವರು, ಅಲ್ಲೇ ಉಳಿಯುತ್ತೇವೆಂದು ತಾವಾಗಿಯೇ ಬರೆದರು. ಒಟ್ಟು ಹನ್ನೊಂದು. ಬೇಕಿದ್ದದ್ದು ಹನ್ನೆರಡು. ಒಂದು ವರ್ಷ ನೋಡೋಣ ಎಂದು ಕುಲಪತಿಗಳು ಬರೆದರು. ಅಷ್ಟೇ. ಈ ಜಗತ್ತು ಅದಕ್ಕಿಂತ ಹೆಚ್ಚು ಕೊಡುವುದು ಕಡಿಮೆ.

---

ವಾರದ ಬಳಿಕ ಅವಳು ಅವನ ಕೋಣೆಗೆ ಹೋದಳು. ಬಾಗಿಲ ಮೇಲೆ ಸೀಮೆಸುಣ್ಣದ ಅಕ್ಷರ ಇನ್ನೂ ಮಸುಕಾಗಿ ಉಳಿದಿತ್ತು. ಸೆರಗಿನಿಂದ ಅದನ್ನು ತಾನೇ ಉಜ್ಜಿ ಒರೆಸಿ, ಆಮೇಲೆ ತಟ್ಟಿದಳು.

"ನಿಮ್ಮ ಕಲ್ಲು. ಕದ್ದಿದ್ದೆ."

"ಗೊತ್ತಿತ್ತು."

"ಆ ಬಿಳಿ ಗೆರೆ ಏನು?"

"ಬಿರುಕು. ಕಲ್ಲು ಒಡೆದ ಜಾಗಕ್ಕೆ ಬಿಸಿಯಾದ ಇನ್ನೇನೋ ಹರಿದು ಬಂದು ಗಟ್ಟಿಯಾಗಿದೆ. ಈಗ ಇಡೀ ಕಲ್ಲಲ್ಲಿ ಅದೇ ಗಟ್ಟಿ ಭಾಗ..."

"ಉಪಮೆ ಹೊಡೀಬೇಡಿ, ಮೇಷ್ಟ್ರೇ."

"ಇಲ್ಲ, ಪಾಠ ಹೇಳಿದೆ ಅಷ್ಟೇ." ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ಮೇಜಿನ ಖಾನೆಯಿಂದ ಒಂದು ಅರ್ಜಿ ತೆಗೆದು ಅವಳತ್ತ ಸರಿಸಿದ. ಮಕ್ಕಳು ತುಂಬುವ ಅದೇ ಅರ್ಜಿ.

ಮೊದಲ ಆಯ್ಕೆ: ನೀವು. ಎರಡನೇ ಆಯ್ಕೆ: ನೀವು. ಮೂರನೇ ಆಯ್ಕೆ: ನೀವು.

ಪೆನ್ಸಿಲ್ಲಿನಲ್ಲಿತ್ತು.

"ಕೇಳ್ತಿದ್ದೀನಿ ನೋಡಿ," ಎಂದ ಮೆಲ್ಲಗೆ. "ತೀರ್ಮಾನ ಮಾಡ್ತಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಎದೆ ಬಡಿತ ಅವನಿಗೆ ಕೇಳಿಸೀತೆಂದು ಅರ್ಜಿಯನ್ನು ಎದೆಗೊತ್ತಿಕೊಂಡಳು.

"ಮೂರು ದಿನ," ಎಂದಳು. "ನಿಯಮ ಗೊತ್ತಲ್ಲ. ಮೂರು ದಿನ ಯಾರೂ ಮಾತಾಡಬಾರದು. ನೀವೂ!"

ಮೊದಲ ದಿನ ಅವನು ಬರಲಿಲ್ಲ. ಎರಡನೇ ದಿನ ಅಂಗಳದಲ್ಲಿ ಎದುರಾದವನು, ಅವಳನ್ನು ಕಂಡು ಗ್ರಂಥಾಲಯದ ಕಡೆ ತಿರುಗಿ ಹೋಗಿಬಿಟ್ಟ! ಆ ರಾತ್ರಿ ಅವಳು ಊಟದ ತಟ್ಟೆಯನ್ನು ಕುಕ್ಕಿದಳು.

"ಯಾಕೇ? ಮತ್ತೆ ಆ ಮೇಷ್ಟ್ರ ತಲೆ ಒಡೀಬೇಕಾ?" ಎಂದರು ಅಮ್ಮ.

"ಕಲ್ಲೂ ವಾಪಸ್ ಕೊಟ್ಟಿದ್ದೀನಿ!"

"ಹಾಗಾದ್ರೆ ಹೋಗಿ ಇಸ್ಕೊಂಡು ಬಾ."

ಮೂರನೇ ದಿನ ಬೆಳಿಗ್ಗೆ ಕಲ್ಲು ಮೇಷ್ಟ್ರ ಬಾಗಿಲು ದಢಾರನೆ ತೆರೆಯಿತು. ತಟ್ಟಲಿಲ್ಲ, ಕೇಳಲಿಲ್ಲ. ಅರ್ಜಿ ಮೇಜಿಗೆ ಅಪ್ಪಳಿಸಿತು. ಎರಡು ಕಲ್ಲು ಉರುಳಿ ಬಿದ್ದವು.

"ಮಾತಾಡಬೇಡಿ ಅಂದ್ರೆ ನಿಜವಾಗಲೂ ಮಾತಾಡದೇ ಇರೋದಾ? ತಿರುಗಿ ಹೋಗೋದಾ? ಕಲ್ಲು ನೀವು! ಅಪ್ಪಟ ಕಲ್ಲು!"

"ಮೇಡಂ... ಇನ್ನೂ ಮೂರು ದಿನ ಆಗಿಲ್ಲ..."

"ನಿಯಮ ಮಾಡಿದವಳು ನಾನು! ಮುರಿಯೋಳೂ ನಾನೇ!"

ಅವನು ಅರ್ಜಿಯನ್ನು ನೋಡಿದ. ಪೆನ್ಸಿಲ್ಲಿನ ಅಕ್ಷರಗಳ ಮೇಲೆ ನೀಲಿ ಶಾಯಿ ಓಡಿತ್ತು, ಮೂರು ಸಾಲಿನಲ್ಲೂ, ಒತ್ತಿ ಒತ್ತಿ, ಕಾಗದದ ಹಿಂದೆ ಅಚ್ಚು ಮೂಡುವಷ್ಟು. ಕೆಳಗೆ ಅವಳ ಸಹಿ.

ಕಲ್ಲು ತೊಳೆಯುತ್ತಿದ್ದ ಬ್ರಷ್ಷನ್ನು ಅವನು ಮೆಲ್ಲಗೆ ಕೆಳಗಿಟ್ಟ.

"ಒಂದು ಷರತ್ತು," ಎಂದಳು ಅವಳು. "ನನ್ನ ಒಳ್ಳೇದಕ್ಕೆ ಅಂತ ಇನ್ನೊಂದ್ಸಲ ಏನಾದ್ರೂ ಮುಚ್ಚಿಟ್ರೆ ಸುಮ್ಮನಿರಲ್ಲ."

"ಜಗಳ ಆಡ್ತೀರಾ?"

"ದಿನಾ!"

ಅವನು ಬಿದ್ದ ಕಲ್ಲನ್ನು ಎತ್ತಿದ. ಬಿಳಿ ಗೆರೆಯ ಅದೇ ಬೂದುಗಲ್ಲು. ಅವಳ ಅಂಗೈಯಲ್ಲಿಟ್ಟು, ತನ್ನ ಒದ್ದೆ ಕೈಯಿಂದ ಅವಳ ಬೆರಳುಗಳನ್ನು ಮಡಚಿದ.

"ಹಾಗಾದ್ರೆ ಅದನ್ನೂ ಬರ್ಕೊಡಿ," ಎಂದ. "ಪೆನ್ನಲ್ಲೇ."